ರಾಣಿ ವಷ್ಟಿ: ಅರಸನ ಕರೆಗೆ ಬಾರದವಳನ್ನು ಅರ್ಥೈಸುವ ಬಗೆ

ಎಸ್ತೇರಳ ಗ್ರಂಥ ಎಂದೊಡನೆ ನಮಗೆಲ್ಲ ನೆನಪಾಗುವುದು ತನ್ನ ಜನರನ್ನು ಸಾವಿನಿಂದ ಪಾರುಮಾಡಿದ ಎಸ್ತೇರ್ ರಾಣಿ. ಆಕೆಗಿಂತ ಮೊದಲು ಅದೇ ಕಿರೀಟವನ್ನು ಧರಿಸಿದ್ದ ಇನ್ನೊಬ್ಬಳಿದ್ದಳು. ಆಕೆಯ ಹೆಸರು ವಷ್ಟಿ. ಗ್ರಂಥದ ಮೊದಲ ಅಧ್ಯಾಯದಲ್ಲಿ ಕಾಣಿಸಿಕೊಂಡು, ಆ ಅಧ್ಯಾಯ ಮುಗಿಯುವ ಮೊದಲೇ ಪಟ್ಟ ಕಳೆದುಕೊಳ್ಳುವ ಈ ರಾಣಿ ನೇರವಾಗಿ ಆಡಿದ ಒಂದು ಮಾತೂ ಅಲ್ಲಿ ದಾಖಲಾಗಿಲ್ಲ. ಅರಸನು ಕರೆದ, ಆಕೆ ಬರಲೊಪ್ಪಲಿಲ್ಲ, ಅಷ್ಟೇ. ಆದರೂ ಎರಡು ಸಾವಿರ ವರ್ಷಗಳಿಂದ ಯೆಹೂದ್ಯ ಧರ್ಮಗುರುಗಳೂ ಕ್ರೈಸ್ತ ವ್ಯಾಖ್ಯಾನಕಾರರೂ ಆಕೆಯ ಬಗ್ಗೆ ಬರೆಯುತ್ತಲೇ ಇದ್ದಾರೆ. ಕೆಲವರಿಗೆ ಆಕೆ ಗರ್ವಿಷ್ಠೆ, ಕೆಲವರಿಗೆ ಮಾನವಂತೆ.

ನಮ್ಮ ದೇವಾಲಯಗಳಲ್ಲಿ ಈಕೆಯ ಹೆಸರು ಕೇಳಿಬರುವುದು ಅಪರೂಪ. ಭಾನುವಾರದ ದಿವ್ಯಬಲಿಪೂಜೆಯ ವಾಚನಗಳಲ್ಲಿ ಎಸ್ತೇರಳ ಗ್ರಂಥ ಬರುವುದೇ ಇಲ್ಲ. ತಪಸ್ಸುಕಾಲದ ಮೊದಲ ವಾರದ ಗುರುವಾರ ಎಸ್ತೇರಳ ಪ್ರಾರ್ಥನೆಯ ಒಂದು ಭಾಗವನ್ನು ಓದುತ್ತೇವೆ. ಅದರಲ್ಲಿ ವಷ್ಟಿ ಇಲ್ಲ. ಹೀಗಾಗಿ ಆಕೆಯ ಕಥೆ ಹೆಚ್ಚಿನವರಿಗೆ ತಲುಪುವುದು ಬೇರೆಯವರ ಬಾಯಿಂದ, ಸಾಮಾನ್ಯವಾಗಿ ಒಂದು ಎಚ್ಚರಿಕೆಯ ರೂಪದಲ್ಲಿ: ಗಂಡನ ಮಾತು ಮೀರಿದ ಹೆಂಡತಿಯ ಗತಿ ನೋಡಿ ಎಂದು. ವಿವಾಹ ಸಿದ್ಧತಾ ಶಿಬಿರ ನಡೆಸುವವರು, ಧರ್ಮೋಪದೇಶ ಕಲಿಸುವವರು, ಸ್ತ್ರೀ ಸಂಘಟನೆಗಳಲ್ಲಿ ಬೈಬಲ್ ಹಂಚಿಕೆಗೆ ಮುಂದಾಗುವವರು ಈ ಉದಾಹರಣೆಯನ್ನು ಎತ್ತಿಕೊಳ್ಳುವ ಮೊದಲು ಮೂಲವನ್ನೊಮ್ಮೆ ನಿಧಾನವಾಗಿ ಓದುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಗ್ರಂಥದಲ್ಲಿ ಇರುವುದೇನು?

ಅಹಷ್ವೇರೋಷನು ಭಾರತದಿಂದ ಕೂಷ್ ದೇಶದವರೆಗೆ 127 ಸಂಸ್ಥಾನಗಳನ್ನು ಆಳುತ್ತಿದ್ದ ಪರ್ಷಿಯದ ಚಕ್ರವರ್ತಿ. (ಹೀಬ್ರೂ ಬೈಬಲಿನಲ್ಲಿ ನಮ್ಮ ದೇಶದ ಹೆಸರು ಬರುವುದು ಈ ಒಂದೇ ಗ್ರಂಥದಲ್ಲಿ. ಆದರೆ ಅಲ್ಲಿನ 'ಹೊದ್ದು' ಸಿಂಧೂ ನದಿಯ ಸುತ್ತಲಿನ ನಾಡು, ನಮ್ಮ ಕರಾವಳಿಯಲ್ಲ.) ಆಳ್ವಿಕೆಯ 3ನೇ ವರ್ಷದಲ್ಲಿ ಅವನು ತನ್ನ ಸರದಾರರಿಗೂ ಅಧಿಕಾರಿಗಳಿಗೂ ಔತಣವಿಟ್ಟು 180 ದಿನಗಳ ಕಾಲ ತನ್ನ ಐಶ್ವರ್ಯವನ್ನು ಪ್ರದರ್ಶಿಸಿದ. ಅದು ಮುಗಿದ ಮೇಲೆ ಶೂಷನ್ ಪಟ್ಟಣದ ದೊಡ್ಡವರು ಚಿಕ್ಕವರೆಲ್ಲರಿಗೂ ಅರಮನೆಯ ತೋಟದಲ್ಲಿ 7 ದಿನಗಳ ಔತಣ. ಪರದೆಗಳ ಬಣ್ಣ, ಬೆಳ್ಳಿಯ ಬಳೆಗಳು, ಅಮೃತಶಿಲೆಯ ಕಂಬಗಳು, ಚಿನ್ನ ಬೆಳ್ಳಿಯ ಪೀಠಗಳು, ಒಂದರಂತೆ ಇನ್ನೊಂದಿಲ್ಲದ ಚಿನ್ನದ ಪಾನಪಾತ್ರೆಗಳು, ಎಲ್ಲವನ್ನೂ ಗ್ರಂಥಕಾರ ಬಿಡದೆ ಹೇಳುತ್ತಾನೆ. ಕುಡಿಯುವ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದೆಂಬ ಅಪ್ಪಣೆಯೂ ಇತ್ತಂತೆ (1:8). ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಅತಿಥಿಗೆ ಒಂದು ಲೋಟ ದ್ರಾಕ್ಷಾರಸವನ್ನು ಬೇಡವೆನ್ನುವ ಸ್ವಾತಂತ್ರ್ಯವಿದ್ದ ಔತಣದಲ್ಲಿ ರಾಣಿಗೆ ಬೇಡವೆನ್ನುವ ಸ್ವಾತಂತ್ರ್ಯ ಇರಲಿಲ್ಲ.

ಅದೇ ಹೊತ್ತಿಗೆ ವಷ್ಟಿಯೂ ಅರಮನೆಯೊಳಗೆ ಸ್ತ್ರೀಯರಿಗೆ ಔತಣ ನೀಡುತ್ತಿದ್ದಳು. 7ನೇ ದಿನ, ದ್ರಾಕ್ಷಾರಸದಿಂದ ಅರಸನ ಮನಸ್ಸು ಉಲ್ಲಾಸಗೊಂಡಿದ್ದಾಗ, ಅವನು ಏಳು ಮಂದಿ ಕಂಚುಕಿಗಳನ್ನು ಕಳುಹಿಸಿ, ರಾಣಿ ರಾಜಮುಕುಟ ಧರಿಸಿ ತನ್ನ ಮುಂದೆ ಬರಬೇಕೆಂದು ಅಪ್ಪಣೆ ಮಾಡಿದ. ಉದ್ದೇಶವನ್ನು ಗ್ರಂಥ ಮುಚ್ಚಿಡುವುದಿಲ್ಲ. ಆಕೆ ರೂಪವತಿಯಾಗಿದ್ದುದರಿಂದ ಆ ಸೌಂದರ್ಯವನ್ನು ಜನರಿಗೂ ಸರದಾರರಿಗೂ ತೋರಿಸಬೇಕಾಗಿತ್ತು. ಆರು ತಿಂಗಳಿಂದ ತೋರಿಸುತ್ತ ಬಂದ ಸಂಪತ್ತಿನ ಸಾಲಿನಲ್ಲಿ ಕೊನೆಯ ವಸ್ತು ಹೆಂಡತಿ.

ವಷ್ಟಿ ಬರಲೊಪ್ಪಲಿಲ್ಲ. ಅರಸ ಕೋಪದಿಂದ ಉರಿದ. ಆದರೆ 127 ಸಂಸ್ಥಾನಗಳ ಒಡೆಯನಿಗೆ ಮುಂದೇನು ಮಾಡಬೇಕೆಂದು ತಿಳಿಯದೆ, ಕಾನೂನು ಬಲ್ಲ ಪಂಡಿತರನ್ನು ಕರೆಸಬೇಕಾಯಿತು! ಮನೆಯ ಮಾತು ರಾಜ್ಯದ ವ್ಯವಹಾರವಾಯಿತು. ಮೆಮೂಕಾನನೆಂಬ ಸರದಾರ ಎದ್ದು, ವಷ್ಟಿಯ ತಪ್ಪು ಅರಸನೊಬ್ಬನಿಗೆ ಸಂಬಂಧಿಸಿದ್ದಲ್ಲ, ಈ ಸುದ್ದಿ ಹರಡಿದರೆ ದೇಶದ ಹೆಂಗಸರೆಲ್ಲ ಗಂಡಂದಿರನ್ನು ತಾತ್ಸಾರ ಮಾಡುವರು ಎಂದ. ಅವನ ಸಲಹೆಯಂತೆ ವಷ್ಟಿ ಇನ್ನೆಂದೂ ಅರಸನ ಮುಂದೆ ಬರಕೂಡದೆಂದೂ ಆಕೆಯ ಪಟ್ಟ ಇನ್ನೊಬ್ಬಳಿಗೆ ಹೋಗಬೇಕೆಂದೂ ತೀರ್ಮಾನವಾಯಿತು. ಪ್ರತಿಯೊಬ್ಬ ಗಂಡಸು ತನ್ನ ಮನೆಯಲ್ಲಿ ಯಜಮಾನನಾಗಿರಬೇಕು ಎಂಬ ಪತ್ರಗಳು ಆಯಾ ಸಂಸ್ಥಾನದ ಲಿಪಿಯಲ್ಲಿ, ಆಯಾ ಜನರ ಭಾಷೆಯಲ್ಲಿ ಹೊರಟವು.

ಹೀಬ್ರೂ ಮೂಲದಲ್ಲಿ ಒಂದು ಸಣ್ಣ ಸಂಗತಿಯಿದೆ. ಅಲ್ಲಿಯವರೆಗೆ 'ರಾಣಿ ವಷ್ಟಿ' ಎಂದೇ ಕರೆಯಲ್ಪಟ್ಟವಳು ತೀರ್ಪಿನ ವಚನದಿಂದ (1:19) ಮುಂದೆ ಬರೀ 'ವಷ್ಟಿ'. ಬಿರುದು ಆಕೆಯ ಹೆಸರಿನಿಂದಲೂ ಕಳಚಿಬಿದ್ದಿದೆ.

ಇದೆಲ್ಲ ನಡೆದ ಇತಿಹಾಸವೇ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ಅಹಷ್ವೇರೋಷನನ್ನು ಸಾಮಾನ್ಯವಾಗಿ ಕ್ರಿ.ಪೂ. 486ರಿಂದ 465ರವರೆಗೆ ಆಳಿದ ಮೊದಲನೆಯ ಕ್ಸೆರ್ಕ್ಸಿಸ್ ಎಂದು ಗುರುತಿಸುತ್ತಾರೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಅವನ ಪತ್ನಿಯನ್ನು ಅಮೆಸ್ಟ್ರಿಸ್ ಎನ್ನುತ್ತಾನೆ. ವಷ್ಟಿಯ ಹೆಸರಾಗಲಿ ಎಸ್ತೇರಳ ಹೆಸರಾಗಲಿ ಅವನಲ್ಲಿಲ್ಲ. ಇಂದಿನ ಹೆಚ್ಚಿನ ಕಥೋಲಿಕ ವಿದ್ವಾಂಸರು ಈ ಗ್ರಂಥವನ್ನು ಪರ್ಷಿಯದ ಹಿನ್ನೆಲೆಯಲ್ಲಿ ಹೆಣೆದ ಬೋಧಪ್ರದ ಕಥನವೆಂದೇ ಕಾಣುತ್ತಾರೆ. ನಗುವನ್ನೂ ವ್ಯಂಗ್ಯವನ್ನೂ ಗ್ರಂಥಕಾರ ಬೇಕೆಂದೇ ಬೆರೆಸಿದ್ದಾನೆ ಎಂಬುದು ಮೊದಲ ಅಧ್ಯಾಯ ಓದಿದವರಿಗೇ ತಿಳಿಯುತ್ತದೆ.

ಹೇಳದೆ ಬಿಟ್ಟ ಕಾರಣ

ವಷ್ಟಿ ಯಾಕೆ ಬರಲಿಲ್ಲ? ಗ್ರಂಥ ಹೇಳುವುದಿಲ್ಲ. ವ್ಯಾಖ್ಯಾನಗಳೆಲ್ಲ ಹುಟ್ಟಿದ್ದು ಈ ಮೌನದಿಂದಲೇ.

ಕ್ರಿ.ಶ. ಮೊದಲ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್, ಹೆಂಡತಿಯರು ಪರಪುರುಷರ ಕಣ್ಣಿಗೆ ಬೀಳಬಾರದೆಂಬ ಪರ್ಷಿಯದ ಕಟ್ಟಳೆಯನ್ನು ಗೌರವಿಸಿಯೇ ಆಕೆ ಹೋಗಲಿಲ್ಲ ಎಂದು ವಿವರಿಸಿದ. ಅವನ ಪ್ರಕಾರ ಕಾನೂನು ಮೀರಿದವನು ಅರಸ, ಪಾಲಿಸಿದವಳು ರಾಣಿ. ಸುಮಾರು ಅದೇ ಕಾಲದ ಗ್ರೀಕ್ ಲೇಖಕ ಪ್ಲೂಟಾರ್ಕ್ ಇನ್ನೊಂದು ವಿಷಯ ತಿಳಿಸುತ್ತಾನೆ. ಪರ್ಷಿಯದ ಅರಸರು ಊಟಕ್ಕೆ ಪತ್ನಿಯರನ್ನು ಜೊತೆಗೆ ಕೂರಿಸಿಕೊಳ್ಳುತ್ತಿದ್ದರು, ಕುಡಿತದ ಮೋಜು ಶುರುವಾಗುವಾಗ ಅವರನ್ನು ಕಳುಹಿಸಿ ಗಾಯಕಿಯರನ್ನೂ ಉಪಪತ್ನಿಯರನ್ನೂ ಕರೆಸುತ್ತಿದ್ದರು ಎಂದು. ಇದು ನಿಜವಾಗಿದ್ದರೆ ಆ 7ನೇ ದಿನದ ಕರೆ ವಷ್ಟಿಯ ಪಾಲಿಗೆ ಎಂಥದ್ದಾಗಿತ್ತೆಂದು ಊಹಿಸಬಹುದು. ಪಟ್ಟದ ರಾಣಿಯನ್ನು ಕುಡುಕರ ಗುಂಪಿನ ಮನರಂಜನೆಗೆ ಕರೆದಂತಾಯಿತು.

ಸೆಪ್ಟುವಜಿಂಟ್ ಎಂಬ ಪ್ರಾಚೀನ ಗ್ರೀಕ್ ಅನುವಾದದಲ್ಲಿ ದೃಶ್ಯ ಕೊಂಚ ಬದಲಾಗಿದೆ. ಅಲ್ಲಿ ಆಕೆಯ ಹೆಸರು ಅಸ್ತಿನ್. ಔತಣವನ್ನು ಮದುವೆಯ ಸಂಭ್ರಮವೆಂದು ಕರೆದಿದೆ. ಅರಸ ಆಕೆಯನ್ನು ಕರೆಸುವುದು ಕಿರೀಟ ತೊಡಿಸಿ ರಾಣಿಯೆಂದು ಸಾರುವುದಕ್ಕೆ, ಜೊತೆಗೆ ಸೌಂದರ್ಯವನ್ನು ತೋರಿಸುವುದಕ್ಕೆ. ಹಾಗೆ ಓದಿದರೆ ಅರಸನ ಕರೆ ಅಷ್ಟು ಕೆಟ್ಟದ್ದಾಗಿ ಕಾಣುವುದಿಲ್ಲ, ಆಕೆಯ ನಿರಾಕರಣೆ ಇನ್ನಷ್ಟು ಒರಟಾಗಿ ಕಾಣುತ್ತದೆ. ಅನುವಾದದ ನಾಲ್ಕು ಪದಗಳಿಂದ ಒಬ್ಬಳ ಚಾರಿತ್ರ್ಯವೇ ಬದಲಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಯೆಹೂದ್ಯ ಗುರುಗಳ ಓದು

ಬಾಬಿಲೋನಿಯದ ತಾಲ್ಮುದ್ ವಷ್ಟಿಯ ಬಗ್ಗೆ ಕಟುವಾಗಿದೆ. ರಾಜಮುಕುಟ ಧರಿಸಿ ಬರಬೇಕೆಂದರೆ ಮುಕುಟವನ್ನು ಬಿಟ್ಟು ಬೇರೇನನ್ನೂ ಧರಿಸದೆ ಬರಬೇಕೆಂದೇ ಅರ್ಥ ಎಂದು ಗುರುಗಳು ಓದಿದರು. ಹಾಗಾದರೆ ಆಕೆಯ ಪರ ನಿಲ್ಲಬಹುದಿತ್ತಲ್ಲವೇ? ಇಲ್ಲ. ಆಕೆಗೆ ನಾಚಿಕೆಯೇನೂ ಇರಲಿಲ್ಲ, ಕುಷ್ಠ ಕಾಣಿಸಿಕೊಂಡದ್ದರಿಂದ ಬರಲಿಲ್ಲ ಎಂದು ಒಬ್ಬರು. ಗಬ್ರಿಯೇಲ ದೂತನು ಬಂದು ಆಕೆಗೆ ಬಾಲ ಮೂಡಿಸಿದ ಎಂದು ಇನ್ನೊಬ್ಬರು. ಆಕೆ ಯೆಹೂದ್ಯ ಹೆಣ್ಣುಮಕ್ಕಳನ್ನು ಬೆತ್ತಲೆ ಮಾಡಿ ಸಬ್ಬತ್ ದಿನ ದುಡಿಸುತ್ತಿದ್ದಳು, ಆದ್ದರಿಂದಲೇ ಆಕೆಯ ಶಿಕ್ಷೆಯೂ 7ನೇ ದಿನ ಬಂತು ಎಂಬ ಮಾತೂ ಅಲ್ಲಿದೆ. ಇದಾವುದೂ ಬೈಬಲಿನಲ್ಲಿ ಇಲ್ಲ.

ಇಷ್ಟು ಕೋಪ ಏಕೆ? ಯೆಹೂದ್ಯ ಪರಂಪರೆಯಲ್ಲಿ ವಷ್ಟಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ ವಂಶದವಳು. ಕ್ರಿ.ಪೂ. 587ರ ಸುಮಾರಿಗೆ ಜೆರುಸಲೇಮಿನ ದೇವಾಲಯವನ್ನು ಸುಟ್ಟು ಜನರನ್ನು ಸೆರೆಯೊಯ್ದವನ ಮೊಮ್ಮಗಳೆಂದು ಆಕೆಯನ್ನು ಕಂಡರು. ಈ ವ್ಯಾಖ್ಯಾನಗಳನ್ನು ಕಟ್ಟಿದವರು ಸಹ ಪರ್ಷಿಯದ ದೊರೆಗಳ ಕೆಳಗೆ, ಬಾಬಿಲೋನಿನ ನೆಲದಲ್ಲಿ ಅಲ್ಪಸಂಖ್ಯಾತರಾಗಿ ಬಾಳುತ್ತಿದ್ದವರು. ಅರಮನೆಯ ಬಗ್ಗೆ ಅವರಿಗಿದ್ದ ಕಹಿಯನ್ನು ಅರಮನೆಯ ಹೆಂಗಸಿನ ಮೇಲೆ ಸುರಿದರು. ಇದನ್ನು ಅರ್ಥಮಾಡಿಕೊಳ್ಳಬಹುದು, ಒಪ್ಪಬೇಕಾಗಿಲ್ಲ.

ಎಲ್ಲ ಯೆಹೂದ್ಯ ವ್ಯಾಖ್ಯಾನವೂ ಒಂದೇ ಧಾಟಿಯದಲ್ಲ ಎಂಬುದನ್ನೂ ಹೇಳಲೇಬೇಕು. ಎಸ್ತೇರ್ ರಬ್ಬಾ ಎಂಬ ಮಿದ್ರಾಷ್ ಗ್ರಂಥದಲ್ಲಿ ವಷ್ಟಿ ಅರಸನಿಗೆ ಬುದ್ಧಿ ಹೇಳಿ ಕಳುಹಿಸುತ್ತಾಳೆ. ನಾನು ಸುಂದರಿಯೆಂದು ಅವರಿಗೆ ಕಂಡರೆ ನನಗಾಗಿ ನಿನ್ನನ್ನು ಕೊಂದಾರು, ಕುರೂಪಿಯೆಂದು ಕಂಡರೆ ನಿನಗೇ ಅವಮಾನ ಎಂಬ ಅರ್ಥದ ಮಾತು. ಅರಸನಿಗೆ ಅದು ಮುಟ್ಟಲಿಲ್ಲ. ತಾಲ್ಮುದ್ ಕೂಡ ಮೆಮೂಕಾನನನ್ನು ಮೆಚ್ಚುವುದಿಲ್ಲ. ಏಳು ಸರದಾರರ ಪಟ್ಟಿಯಲ್ಲಿ ಕೊನೆಯವನಾಗಿದ್ದು ಎಲ್ಲರಿಗಿಂತ ಮೊದಲು ಬಾಯಿ ಹಾಕಿದವನು ಎಂದು ಅವನನ್ನು ಗೇಲಿ ಮಾಡುತ್ತದೆ, ಮುಂದೆ ಯೆಹೂದ್ಯರ ಸಂಹಾರಕ್ಕೆ ಹೊಂಚುಹಾಕುವ ಹಾಮಾನನೇ ಇವನು ಎಂದೂ ಹೇಳುತ್ತದೆ. ಆ ಪತ್ರಗಳ ಬಗ್ಗೆ ರಾವಾ ಎಂಬ ಗುರುವಿನ ಮಾತು ಸೊಗಸಾಗಿದೆ. ಬಡ ನೇಕಾರನೂ ತನ್ನ ಮನೆಯಲ್ಲಿ ದೊರೆಯೇ, ಇದನ್ನು ತಿಳಿಸಲು ರಾಜಪತ್ರ ಬೇಕೇ ಎಂದು ಜನ ನಕ್ಕರಂತೆ. ಅರಸ ಹುಚ್ಚುಚ್ಚಾಗಿ ಪತ್ರ ಬರೆಯುವವನೆಂದು ಆಗಲೇ ಗೊತ್ತಾದ್ದರಿಂದ, ಯೆಹೂದ್ಯರನ್ನು ಕೊಲ್ಲಬೇಕೆಂಬ ಪತ್ರ ಬಂದಾಗ ಅವರು ಅವಸರ ಮಾಡಲಿಲ್ಲ. ಆ ಮೊದಲ ಪತ್ರ ಬಾರದಿದ್ದರೆ ಯೆಹೂದ್ಯರು ಉಳಿಯುತ್ತಿರಲಿಲ್ಲ ಎನ್ನುವುದು ರಾವಾ ಅವರ ಅಭಿಪ್ರಾಯ.

ಫೆಬ್ರವರಿ ಅಥವಾ ಮಾರ್ಚಿನಲ್ಲಿ ಬರುವ ಪೂರಿಮ್ ಹಬ್ಬದಂದು ಯೆಹೂದ್ಯರು ಈ ಗ್ರಂಥವನ್ನು ಪೂರ್ತಿಯಾಗಿ ಓದುತ್ತಾರೆ. ಹಾಮಾನನ ಹೆಸರು ಬಂದಾಗಲೆಲ್ಲ ಗದ್ದಲ ಎಬ್ಬಿಸಿ ಅದನ್ನು ಅಡಗಿಸುವುದು ರೂಢಿ. ಇತ್ತೀಚಿನ ದಶಕಗಳಲ್ಲಿ ಕೆಲವು ಯೆಹೂದ್ಯ ಮಹಿಳಾ ಗುಂಪುಗಳು ಎಸ್ತೇರಳ ಜೊತೆಗೆ ವಷ್ಟಿಯನ್ನೂ ಗೌರವಿಸತೊಡಗಿವೆ.

ಕ್ರೈಸ್ತರು ಮಾಡಿದ್ದೇನು?

ಈ ಭಾಗವನ್ನು ಕೊಂಚ ನೋವಿನಿಂದಲೇ ಬರೆಯಬೇಕಾಗಿದೆ. ಎಸ್ತೇರಳಲ್ಲಿ ಧರ್ಮಸಭೆಯ ಮುನ್ಸೂಚನೆಯನ್ನು ಸಂತ ಜೆರೋಮ್ ಕಂಡಿದ್ದರು. ಅದರಲ್ಲಿ ತಪ್ಪೇನಿಲ್ಲ. 9ನೇ ಶತಮಾನದಲ್ಲಿ ಫುಲ್ದಾ ಮಠದ ಅಧಿಪತಿಯಾಗಿದ್ದು ಮುಂದೆ ಮೈಂಟ್ಸ್‌ನ ಮಹಾಧರ್ಮಾಧ್ಯಕ್ಷರಾದ ರಬಾನುಸ್ ಮೌರುಸ್ ಈ ಗ್ರಂಥದ ಮೇಲೆ ವ್ಯಾಖ್ಯಾನ ಬರೆದು ಸಾಮ್ರಾಜ್ಞಿ ಜೂಡಿತ್‌ಗೆ ಅರ್ಪಿಸಿದರು. ಅದರಲ್ಲಿ ಎಸ್ತೇರ್ ಧರ್ಮಸಭೆಯಾದರೆ ವಷ್ಟಿ ಯೆಹೂದ್ಯ ಸಭೆ. ಅರಸನಾದ ಕ್ರಿಸ್ತನ ಕರೆಗೆ ಓಗೊಡದೆ ತಳ್ಳಲ್ಪಟ್ಟವಳು ಆಕೆ, ಆಕೆಯ ಕಿರೀಟ ಧರ್ಮಸಭೆಗೆ ಬಂತು ಎಂಬ ಓದು. ಈ ಹೋಲಿಕೆ ಎರಡು ಕಡೆ ಅನ್ಯಾಯ ಮಾಡಿತು. ಕುಡಿದ ಮತ್ತಿನಲ್ಲಿ ಹೆಂಡತಿಯನ್ನು ಪ್ರದರ್ಶನಕ್ಕೆ ಕರೆದ ಅರಸನನ್ನು ಪ್ರಭು ಕ್ರಿಸ್ತರ ಸ್ಥಾನದಲ್ಲಿ ಇಟ್ಟಿತು. ಯೆಹೂದ್ಯರನ್ನು ಅವರದೇ ಹಬ್ಬದ ಗ್ರಂಥದಿಂದ, ಅವರನ್ನು ಅಳಿಸಹೊರಟವರ ಕಥೆಯಿಂದಲೇ, ತಿರಸ್ಕೃತರೆಂದು ಕರೆಯಿತು. ಸ್ಟ್ರಾಸ್‌ಬರ್ಗ್ ಮಹಾದೇವಾಲಯದ 13ನೇ ಶತಮಾನದ ಶಿಲ್ಪಗಳಲ್ಲಿ ಕಿರೀಟ ಧರಿಸಿದ ಧರ್ಮಸಭೆಯ ಎದುರು ಕಣ್ಣಿಗೆ ಬಟ್ಟೆ ಕಟ್ಟಿದ, ಮುರಿದ ಭರ್ಜಿ ಹಿಡಿದ ಹೆಂಗಸಾಗಿ ಯೆಹೂದ್ಯ ಸಭೆ ನಿಂತಿದೆ. ಅದು ವಷ್ಟಿಯ ವಿಗ್ರಹವಲ್ಲ, ಆದರೆ ಯೋಚನೆ ಅದೇ.

1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 'ನೋಸ್ತ್ರಾ ಎತಾತೆ' ಪ್ರಕಟಣೆಯಲ್ಲಿ, ಯೆಹೂದ್ಯರನ್ನು ದೇವರಿಂದ ತಿರಸ್ಕೃತರೆಂದೋ ಶಾಪಗ್ರಸ್ತರೆಂದೋ ಶ್ರೀಗ್ರಂಥದ ಆಧಾರದ ಮೇಲೆ ಚಿತ್ರಿಸಬಾರದೆಂದು ಸ್ಪಷ್ಟಪಡಿಸಿತು. ಆದ್ದರಿಂದ ಹಳೆಯ ಪುಸ್ತಕಗಳಲ್ಲಿ ಈ ಹೋಲಿಕೆ ಸಿಕ್ಕರೆ ಅದನ್ನು ಪ್ರಬೋಧನೆಗೆ ಎತ್ತಿಕೊಳ್ಳುವಂತಿಲ್ಲ.

ಇನ್ನೊಂದು ಬಗೆಯ ಓದು ಮನೆಯೊಳಗೆ ನುಗ್ಗಿತು. ಮಾರ್ಟಿನ್ ಲೂಥರ್ 1522ರಲ್ಲಿ ವಿವಾಹದ ಕುರಿತು ಬರೆದ ಪುಸ್ತಿಕೆಯಲ್ಲಿ, ದಾಂಪತ್ಯದ ಕರ್ತವ್ಯಕ್ಕೆ ಹಟಹಿಡಿದು ಒಪ್ಪದ ಹೆಂಡತಿಯನ್ನು ಅಹಷ್ವೇರೋಷನಂತೆ ಬಿಟ್ಟು ಇನ್ನೊಬ್ಬಳನ್ನು ಸ್ವೀಕರಿಸಬಹುದೆಂದು ವಷ್ಟಿಯ ಹೆಸರನ್ನೇ ಹಿಡಿದರು. ಇದನ್ನು ನೋಡಿ ಬೇರೆ ಸಭೆಯವರ ಕಡೆ ಬೆರಳು ತೋರಿಸುವ ಹಕ್ಕು ನಮಗಿಲ್ಲ. ಹೆಸರು ಹೇಳದಿದ್ದರೂ ಅದೇ ಧಾಟಿಯ ಬುದ್ಧಿಮಾತು ನಮ್ಮ ನಡುವೆಯೂ ಕೇಳಿಬರುತ್ತದೆ.

ಗಾಳಿ ತಿರುಗಿದ್ದು 19ನೇ ಶತಮಾನದಲ್ಲಿ. ಅಮೆರಿಕದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದ ಕರಿಯ ಕವಯಿತ್ರಿ ಫ್ರಾನ್ಸಿಸ್ ಹಾರ್ಪರ್ ವಷ್ಟಿಯ ಮೇಲೆ ಕವಿತೆ ಬರೆದರು. ತಮ್ಮ ಜನಾಂಗದ ಹೆಂಗಸರನ್ನು ಹರಾಜುಕಟ್ಟೆಯ ಮೇಲೆ ನಿಲ್ಲಿಸಿ ತೋರಿಸುತ್ತಿದ್ದ ನಾಡಿನಲ್ಲಿ, ತೋರಿಕೆಯ ವಸ್ತುವಾಗಲು ಒಲ್ಲೆನೆಂದ ರಾಣಿ ಅವರಿಗೆ ಯಾಕೆ ಹಿಡಿಸಿದಳೆಂದು ಬಿಡಿಸಿ ಹೇಳಬೇಕಿಲ್ಲ. ಎಲಿಜಬೆತ್ ಕೇಡಿ ಸ್ಟಾಂಟನ್ ಮತ್ತು ಸಂಗಡಿಗರು 1895 ಮತ್ತು 1898ರಲ್ಲಿ ಎರಡು ಸಂಪುಟಗಳಲ್ಲಿ ತಂದ 'ಮಹಿಳೆಯ ಬೈಬಲ್' ಕೂಡ ಆಕೆಯನ್ನು ಕೊಂಡಾಡಿತು. ಅಲ್ಲಿಂದ ಇಲ್ಲಿಯವರೆಗೆ ಆಕೆ ಮಹಿಳಾ ಚಿಂತಕರ ಮೆಚ್ಚಿನ ರಾಣಿ.

ಇಲ್ಲೂ ಒಂದು ಎಚ್ಚರ ಬೇಕು. ಬೈಬಲ್ ವ್ಯಾಖ್ಯಾನದ ಕುರಿತು ವ್ಯಾಟಿಕನ್ನಿನ ಬೈಬಲ್ ಆಯೋಗವು 1993ರಲ್ಲಿ ಹೊರತಂದ ದಸ್ತಾವೇಜು ಸ್ತ್ರೀವಾದಿ ಓದಿನಿಂದ ಬಂದ ಲಾಭಗಳನ್ನು ಒಪ್ಪಿಕೊಂಡು, ಗ್ರಂಥದ ಮೌನದಿಂದ ಅತಿಯಾಗಿ ತೀರ್ಮಾನ ಹೊರಡಿಸಬಾರದೆಂದೂ ಹೇಳಿದೆ. ವಷ್ಟಿಗೆ ಬಾಲ ಹಚ್ಚಿದವರಿಗೂ ಆಕೆಯ ಕೈಗೆ ಬಾವುಟ ಕೊಟ್ಟವರಿಗೂ ಈ ಮಾತು ಅನ್ವಯಿಸುತ್ತದೆ. ಆಕೆಯ ಮನಸ್ಸಿನಲ್ಲಿ ಏನಿತ್ತೋ ಗ್ರಂಥ ತಿಳಿಸಿಲ್ಲ. ತಿಳಿಸಿರುವುದು ಆಕೆಯನ್ನು ಕರೆದ ರೀತಿಯನ್ನು ಮತ್ತು ಕರೆದವನ ಸ್ಥಿತಿಯನ್ನು.

ಮೆಮೂಕಾನನ ಭಯ

ಹಾಗಾದರೆ ಯಜಮಾನಿಕೆಯ ಆ ಪತ್ರವನ್ನು ದೇವರ ಮಾತೆಂದು ಓದಬಹುದೇ? ಬೈಬಲಿನಲ್ಲಿ ದಾಖಲಾದ ಮಾತೆಲ್ಲ ದೇವರ ಅಪ್ಪಣೆಯಲ್ಲ. ಫರೋಹನ ಮಾತೂ ಹೆರೋದನ ಮಾತೂ ಅಲ್ಲಿವೆ. ಈ ಗ್ರಂಥದ ಹೀಬ್ರೂ ಪಾಠದಲ್ಲಂತೂ ದೇವರ ಹೆಸರೇ ಇಲ್ಲ. ಪತ್ರ ಹೊರಟದ್ದು ಕುಡಿದ ಅರಸ ಮತ್ತು ಹೆದರಿದ ಆಸ್ಥಾನಿಕನಿಂದ. ಅದು ಫಲಿಸಿತೇ ಎಂದು ನೋಡಿದರೆ ಗ್ರಂಥಕಾರನ ತುಂಟತನ ಕಾಣುತ್ತದೆ. ಹಾಮಾನ ತನ್ನ ಹೆಂಡತಿ ಜೆರೆಷಳ ಸಲಹೆಯಂತೆ ನಡೆಯುತ್ತಾನೆ (5:14). ಅಹಷ್ವೇರೋಷ ಎಸ್ತೇರಳು ಕೇಳಿದ್ದನ್ನೆಲ್ಲ ಕೊಡುತ್ತಾನೆ. ಕೊನೆಗೆ ಪೂರಿಮ್ ಹಬ್ಬವನ್ನು ಸ್ಥಿರಪಡಿಸುವ ಪತ್ರವನ್ನು ರಾಣಿ ಎಸ್ತೇರಳೇ ಪೂರ್ಣ ಅಧಿಕಾರದಿಂದ ಬರೆಯುತ್ತಾಳೆ (9:29).

ಒಬ್ಬಳು ಇಲ್ಲವೆಂದರೆ ಲೋಕದ ಸಂಸಾರಗಳೆಲ್ಲ ಕುಸಿಯುತ್ತವೆ ಎಂಬ ಮೆಮೂಕಾನನ ಭಯ ಹಳತಾದರೂ ಸತ್ತಿಲ್ಲ. ಇಂದಿನ ಕುಟುಂಬಗಳ ತೊಂದರೆಗಳಿಗೆ ಮಹಿಳೆಯರ ಸ್ವಾತಂತ್ರ್ಯವೇ ಕಾರಣವೆಂಬ ವಾದವನ್ನು ದಿವಂಗತ ಪೋಪ್ ಫ್ರಾನ್ಸಿಸ್ 2016ರ 'ಅಮೋರಿಸ್ ಲೆತೀತ್ಸಿಯಾ'ದಲ್ಲಿ (ಕ್ರಮಾಂಕ 54) ಸುಳ್ಳೆಂದು ತಳ್ಳಿಹಾಕಿದರು, ಮನೆಯೊಳಗಿನ ಹಿಂಸೆಯನ್ನು ಅದೇ ಕಡೆ ಖಂಡಿಸಿದರು. ಅದಕ್ಕೂ ಮೊದಲು ಪೋಪ್ ಸಂತ ಎರಡನೇ ಜಾನ್ ಪಾಲರು 1988ರ 'ಮುಲಿಯೆರಿಸ್ ದಿಗ್ನಿತಾತೆಮ್' ಪತ್ರದಲ್ಲಿ (ಕ್ರಮಾಂಕ 24) ಎಫೆಸಿಯರಿಗೆ ಬರೆದ ಪತ್ರದ 5ನೇ ಅಧ್ಯಾಯವನ್ನು ವಿವರಿಸುತ್ತ, ಕ್ರಿಸ್ತನ ಮೇಲಿನ ಭಯಭಕ್ತಿಯಿಂದ ಗಂಡ ಹೆಂಡತಿ ಒಬ್ಬರಿಗೊಬ್ಬರು ಅಧೀನರಾಗಿರಬೇಕು, ಅಧೀನತೆ ಒಂದು ಕಡೆಯದಲ್ಲ ಎಂದು ಬೋಧಿಸಿದ್ದರು. ವಿವಾಹ ಸಿದ್ಧತೆಯಲ್ಲಿ ಬಳಸಬೇಕಾದದ್ದು ಈ ಬೋಧನೆ. ಮನೆಯಲ್ಲಿ ಹೊಡೆತ ತಿಂದು ಸಲಹೆಗೆ ಬಂದ ಹೆಂಗಸಿಗೆ ವಷ್ಟಿಯ ಕಥೆ ಹೇಳಿ ಹಿಂದಕ್ಕೆ ಕಳುಹಿಸುವುದು ಶೂಷನ್ ಅರಮನೆಯ ಕಾನೂನು, ಧರ್ಮಸಭೆಯದಲ್ಲ.

ಬೈಬಲ್ ತರಗತಿ ನಡೆಸುವವರಿಗೆ

ಗುಂಪಿನಲ್ಲಿ ಈ ಅಧ್ಯಾಯವನ್ನು ಓದುವಾಗ ವಷ್ಟಿ ಕೆಟ್ಟವಳು, ಎಸ್ತೇರ್ ಒಳ್ಳೆಯವಳು ಎಂದು ಎದುರುಬದುರು ನಿಲ್ಲಿಸದಿರುವುದು ಮೇಲು. ಕರೆದಾಗ ಬಾರದವಳು ವಷ್ಟಿ, ಕರೆಯದೆ ಹೋದವಳು ಎಸ್ತೇರ್. ಕರೆಯಿಲ್ಲದೆ ಅರಸನ ಮುಂದೆ ಹೋದವರಿಗೆ ಮರಣವೇ ಶಿಕ್ಷೆಯೆಂದು 4:11ರಲ್ಲಿದೆ. ಇಬ್ಬರೂ ಒಂದೇ ಅರಸನ ಕಟ್ಟಳೆಯನ್ನು ಮೀರಿದರು. ಮೊದಲನೆಯವಳಿಗೆ ಆದದ್ದು ಎರಡನೆಯವಳಿಗೆ ಗೊತ್ತಿತ್ತು, ಗೊತ್ತಿದ್ದೂ ಹೋದಳು. 2ನೇ ಅಧ್ಯಾಯದ ಕನ್ಯೆಯರ ಸ್ಥಿತಿಯನ್ನೂ ಬಿಡದೆ ಓದಿ: 12 ತಿಂಗಳು ಶೃಂಗಾರ, ಒಂದು ರಾತ್ರಿ, ಬೆಳಗ್ಗೆ ಇನ್ನೊಂದು ಅಂತಃಪುರ, ಅರಸ ಹೆಸರು ಹಿಡಿದು ಕರೆಯದಿದ್ದರೆ ಮತ್ತೆ ಬರುವಂತಿಲ್ಲ.

ಜೊತೆಗೆ ಮಾರ್ಕನ ಶುಭಸಂದೇಶದ 6ನೇ ಅಧ್ಯಾಯವನ್ನು ಇಟ್ಟುಕೊಳ್ಳಿ. ಹೆರೋದನ ಹುಟ್ಟುಹಬ್ಬದ ಔತಣ, ಅಧಿಕಾರಿಗಳ ಮುಂದೆ ಕುಣಿಯುವ ಹುಡುಗಿ, ಅರ್ಧ ರಾಜ್ಯವನ್ನಾದರೂ ಕೊಡುವೆನೆಂಬ ಮಾತು. ಆ ಮಾತು ಎಸ್ತೇರಳು 5:3ರಲ್ಲಿ ಅಹಷ್ವೇರೋಷನ ಬಾಯಿಂದ ಬಂದದ್ದೇ. ಆಗಸ್ಟ್ 29ರಂದು ಸ್ನಾನಿಕ ಸಂತ ಯೊವಾನ್ನರ ಮರಣಸ್ಮರಣೆಯ ಪೂಜೆಯಲ್ಲಿ ಈ ವಾಚನ ಕೇಳುವವರಿಗೆ ಶೂಷನ್ ಔತಣ ನೆನಪಾಗಬಹುದು.

ಅಧ್ಯಾಯಗಳ ಗುರುತಿನ ಬಗ್ಗೆಯೂ ಒಂದು ಮಾತು. ಗ್ರೀಕ್ ಪಾಠದಲ್ಲಿ ಹೀಬ್ರೂವಿನಲ್ಲಿಲ್ಲದ 107 ವಚನಗಳಿವೆ, ದೇವರ ಹೆಸರೂ ಎಸ್ತೇರಳ ಪ್ರಾರ್ಥನೆಯೂ ಬರುವುದು ಅವುಗಳಲ್ಲೇ. ಸಂತ ಜೆರೋಮ್ ಅವನ್ನು ಕೊನೆಗೆ ಸೇರಿಸಿದ್ದರಿಂದ ಕೆಲವು ಮುದ್ರಣಗಳಲ್ಲಿ ಅವು 10:4ರಿಂದ 16:24ರವರೆಗೆ ಇರುತ್ತವೆ, ಕೆಲವದರಲ್ಲಿ ಅಕ್ಷರಗಳ ಗುರುತಿನೊಂದಿಗೆ ನಡುನಡುವೆ ಬರುತ್ತವೆ, ಪ್ರೊಟೆಸ್ಟೆಂಟ್ ಮುದ್ರಣಗಳ ಎಸ್ತೇರಳ ಗ್ರಂಥದಲ್ಲಿ ಸೇರಿರುವುದಿಲ್ಲ. ವಷ್ಟಿಯ ಭಾಗ ಮಾತ್ರ ಎಲ್ಲದರಲ್ಲೂ 1:9ರಿಂದ 1:22ರವರೆಗೆ ಸಿಗುತ್ತದೆ. ಅದಾದ ಮೇಲೆ 2:1ನ್ನು ಓದಲು ಮರೆಯಬೇಡಿ. ಕೋಪ ಇಳಿದ ಬಳಿಕ ಅರಸನು ವಷ್ಟಿಯನ್ನೂ, ಆಕೆ ಮಾಡಿದ್ದನ್ನೂ, ಆಕೆಯ ವಿರುದ್ಧ ತೀರ್ಮಾನವಾದದ್ದನ್ನೂ ನೆನೆದುಕೊಂಡ ಎಂದು ಹೀಬ್ರೂ ಪಾಠದಲ್ಲಿದೆ. ಪರ್ಷಿಯದ ಕಾನೂನನ್ನು ರದ್ದುಮಾಡುವಂತಿರಲಿಲ್ಲ. ಆಕೆ ಮುಂದೆ ಎಲ್ಲಿದ್ದಳು, ಏನಾದಳು ಎಂದು ಗ್ರಂಥ ಹೇಳುವುದಿಲ್ಲ.